ತಿದ್ದಿಸಿಕೊಳ್ಳಲು ಅಂಚೆಗೆ ಹಾಕಿದ ಕಾಗದಗಳು

ಅಜ್ಜೀಪುರದಿಂದ ಎರಡು ಮೈಲಿ ಒಳಕ್ಕೆ, ಮುಸುಕಿನ ಜೋಳದ ಹೊಲಗಳ ನಡುವೆ ಮೂವತ್ತೈದು ಮನೆಗಳ ಒಂದು ದೊಡ್ಡಿ. ಆ ದೊಡ್ಡಿಯ ಅಂಗನವಾಡಿಯಲ್ಲಿ ಚಿಕ್ಕತಾಯಮ್ಮ ಹದಿನಾಲ್ಕು ವರ್ಷದಿಂದ ಸಹಾಯಕಿ. ಸರ್ಕಾರದ ಕಾಗದದಲ್ಲಿ ಸಹಾಯಕಿ, ಊರವರ ಬಾಯಲ್ಲಿ ಆಯಾ. ಬೆಳಗ್ಗೆ ಬಾಗಿಲು ತೆಗೆದು ಕಸ ಗುಡಿಸಬೇಕು. ರಸ್ತೆಯಾಚೆಯ ತೊಂಬೆ ಟ್ಯಾಂಕಿನಿಂದ ನಾಲ್ಕು ಬಿಂದಿಗೆ ನೀರು ಹೊರಬೇಕು. ಮನೆಮನೆಗೆ ಹೋಗಿ ಅಳುವ ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬರಬೇಕು. ಅಡುಗೆ ಮಾಡಿ, ಉಣ್ಣಿಸಿ, ಮೂಗು ಒರೆಸಿ, ಕುಂಡೆ ತೊಳೆದು, ಮತ್ತೆ ಮನೆಗೆ ಮುಟ್ಟಿಸಬೇಕು. ಇಷ್ಟು ಮಾಡುವ ಹೆಂಗಸನ್ನು ಸರ್ಕಾರ ನೌಕರಳು ಎಂದು ಕರೆಯುವುದಿಲ್ಲ. ಆಕೆ ಮಾಡುವುದು ಸೇವೆಯಂತೆ, ಆಕೆಗೆ ಸಿಗುವುದು ಗೌರವಧನವಂತೆ. ಗೌರವವೂ ಇಲ್ಲದ, ಧನವೂ ಅಲ್ಲದ ವಸ್ತುವಿಗೆ ಅಂಥ ಹೆಸರಿಡಲು ದೊಡ್ಡ ತಲೆಗಳೇ ಬೇಕು.

ಆಕೆ ಹತ್ತನೇ ತರಗತಿ ಫೇಲು. ಹೋಗಿದ್ದು ಒಂದೇ ವಿಷಯ, ಇಂಗ್ಲಿಷ್. ಇಪ್ಪತ್ತು ವರ್ಷದ ಹಿಂದೆ ಆಕೆ ಓದಿದ ಹೈಸ್ಕೂಲಿನಲ್ಲಿ ಒಂದೂವರೆ ವರ್ಷ ಇಂಗ್ಲಿಷ್ ಮೇಷ್ಟ್ರೇ ಇರಲಿಲ್ಲ. ಇದ್ದವರಿಗೆ ವರ್ಗವಾಯಿತು, ಬರಬೇಕಾದವರು ಕಾಡಂಚಿನ ಊರು ಎಂದು ಬರಲಿಲ್ಲ. ಆ ಪೀರಿಯಡ್ಡಿನಲ್ಲಿ ಮಕ್ಕಳು ಮೈದಾನದ ಕಲ್ಲು ಆರಿಸುತ್ತಿದ್ದರು. ಮಾರ್ಚಿ ಬಂದಾಗ ಮಾತ್ರ ಪ್ರಶ್ನೆಪತ್ರಿಕೆ ಒಂದು ದಿನವೂ ತಡಮಾಡದೆ ಬಂತು. ಮೇಷ್ಟ್ರನ್ನು ಕಳಿಸದವರಿಗೆ ಯಾರೂ ಅಂಕಪಟ್ಟಿ ಕೊಡಲಿಲ್ಲ. ಫೇಲೆಂಬ ಮುದ್ರೆ ಬಿದ್ದಿದ್ದು ಕಲ್ಲು ಆರಿಸಿದ ಮಕ್ಕಳ ಹಣೆಗೆ.

ಮೂವತ್ತೇಳನೆಯ ವಯಸ್ಸಿನಲ್ಲಿ ಚಿಕ್ಕತಾಯಮ್ಮನಿಗೆ ಮತ್ತೆ ಪರೀಕ್ಷೆ ಕಟ್ಟುವ ಯೋಚನೆ ಬರಲು ಕಾರಣವಿತ್ತು. ಕೇಂದ್ರದ ಟೀಚರು ಪದ್ಮಿನಿ ಇನ್ನು ಮೂರು ವರ್ಷಕ್ಕೆ ನಿವೃತ್ತಿಯಾಗುತ್ತಾಳೆ. ಆ ಜಾಗ ಬೇಕೆಂದರೆ ಮೊದಲು ಹತ್ತನೆಯದು ಪಾಸಾಗಬೇಕು, ಆಮೇಲೆ ಪಿಯುಸಿ. ಹದಿನಾಲ್ಕು ವರ್ಷ ಅದೇ ಮಕ್ಕಳನ್ನು ಸಾಕಿದ ಹೆಂಗಸು ಆ ಕುರ್ಚಿಯಲ್ಲಿ ಕೂರಬೇಕಾದರೆ ಇಂಗ್ಲಿಷ್ ಬಾಗಿಲು ದಾಟಬೇಕು. ಈ ವರ್ಷ ದಾಟದಿದ್ದರೆ ಪಿಯುಸಿಗೆ ವರ್ಷ ಸಾಲುವುದಿಲ್ಲ. ಹೊರಗಿನಿಂದ ಯಾರಾದರೂ ಬಂದು ಕೂರುತ್ತಾರೆ, ಇವಳು ಅವರಿಗೂ ನೀರು ಹೊರುತ್ತಾಳೆ.

ಹಳೆಯ ಅಂಕಗಳು ಈಗ ನಡೆಯುವುದಿಲ್ಲವೆಂದು ಖಾಸಗಿ ಅಭ್ಯರ್ಥಿಯಾಗಿ ಆರೂ ವಿಷಯ ಕಟ್ಟಿದಳು. ಐದಕ್ಕೆ ಹೆದರಲಿಲ್ಲ. ಆರನೆಯದಕ್ಕೆ ಹನೂರಿನಿಂದ ಒಂದು ಗೈಡು ತಂದಳು.

ಗಂಡ ಪುಟ್ಟಮಾದಪ್ಪ ಹನೂರಿನಲ್ಲಿ ಜೋಳದ ಮೂಟೆ ಹೊರುವವನು. ಗೈಡನ್ನು ತಿರುವಿ ಮುರುವಿ ನೋಡಿದ.

"ಇದ್ನ ಕಲ್ತು ಯಾರ್ ಜೊತೇಲಿ ಮಾತಾಡೀಯೆ? ಎಮ್ಮೆ ಜೊತೇಲಾ?"

"ಎಮ್ಮೆ ನಿನ್ನಂಗೆ ನಗಕ್ಕಿಲ್ಲ ಬುಡು," ಎಂದಳು.

ನಗದವರು ಇನ್ನೂ ಹದಿನೆಂಟು ಜನ ಇದ್ದರು. ಅಂಗನವಾಡಿಯ ಮಕ್ಕಳು ಮಧ್ಯಾಹ್ನ ಉಂಡು ಮಲಗಿದ ಮೇಲೆ ಆಕೆ ಒರೆಸಿದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು. ದಿನಕ್ಕೆ ಹದಿನೈದು ಪದ. ಗೋ, ವೆಂಟ್, ಗಾನ್. ಈಟ್, ಏಟ್, ಈಟನ್. ಮಲಗಿದ ಮಕ್ಕಳ ಸುತ್ತ ಬರೆಯುತ್ತ ಬರೆಯುತ್ತ ಬಾಗಿಲವರೆಗೆ ಬರುತ್ತಿದ್ದಳು. ಮಕ್ಕಳು ಎದ್ದರೆ ಅವರಿಗೇ ಓದಿ ಹೇಳುತ್ತಿದ್ದಳು. ಮೂರು ವರ್ಷದ ಮಗು ತಪ್ಪು ಹುಡುಕುವುದಿಲ್ಲ, ಚಪ್ಪಾಳೆ ತಟ್ಟುತ್ತದೆ. ಧೈರ್ಯಕ್ಕೆ ಅದು ಸಾಕು, ಪರೀಕ್ಷೆಗೆ ಸಾಲದು. ಗೈಡು ಸರಿಯಾದ ಉತ್ತರ ಕೊಡುತ್ತದೆ. ಆಕೆ ಬರೆದದ್ದು ಎಲ್ಲಿ ತಪ್ಪು ಎಂದು ಹೇಳುವುದಿಲ್ಲ. ಅದಕ್ಕೆ ಮನುಷ್ಯರು ಬೇಕು.

ಪದ್ಮಿನಿ ಟೀಚರನ್ನು ಕೇಳಿದಳು. "ಟೀಚರ್, ಈ ಅಲ್ಪವಿರಾಮ ಎಲ್ಲೆಲ್ಲಿ ಆಕದು?"

"ಉಸ್ರು ಎಳ್ಕಳ್ಳೋ ಕಡೆ ಆಕಿ ಅಂತಿದ್ರು ನಮ್ ಮೇಷ್ಟ್ರು. ಅದ್ಕಿಂತ ಜಾಸ್ತಿ ನಂಗೂ ಬರಕ್ಕಿಲ್ಲ ಕಣವ್ವ."

"ನಾಕ್ ಬಿಂದ್ಗೆ ಹೊತ್ ಮೇಲೆ ನಂಗೆ ಮಾತ್‌ಮಾತ್ಗೂ ಉಸ್ರು ಎಳ್ಕಬೇಕಲ್ಲ ಟೀಚರ್."

"ಅಂಗಾರೆ ಮಾತ್‌ಮಾತ್ಗೂ ಆಕು."

ಹನೂರಿನ ಟ್ಯೂಶನ್ನಿಗೂ ಹೋಗಿ ಬಂದಳು. ಅಲ್ಲಿನ ಮಾಸ್ತರು, "ಮಗು ಯಾವ ಕ್ಲಾಸಮ್ಮ?" ಎಂದ. ಮಗು ತಾನೇ ಎಂದಾಗ ಆತನ ಮುಖ ಕಂಡು, ಚಪ್ಪಲಿ ಹುಡುಕಿಕೊಂಡು ಎದ್ದು ಬಂದಳು.

ಆ ಹೊತ್ತಿಗೆ ಗೈಡಿನಲ್ಲಿ ಪತ್ರಲೇಖನದ ಪಾಠ ಬಂತು. ಐದು ಅಂಕದ ಪ್ರಶ್ನೆ. ನೀನು ಸರ್ಕಾರಿ ಪ್ರೌಢಶಾಲೆಯ ಪವಿತ್ರ ಎಂದು ಭಾವಿಸಿಕೊಂಡು, ನಿಮ್ಮ ಊರಿನ ನೀರಿನ ತೊಂದರೆಯ ಬಗ್ಗೆ ಅಧಿಕಾರಿಗೆ ಪತ್ರ ಬರೆ. ಚಿಕ್ಕತಾಯಮ್ಮ ಅದನ್ನು ಓದಿ ಗೈಡು ಮುಚ್ಚಿದಳು. ಭಾವಿಸಿಕೊಳ್ಳಲು ಏನಿದೆ ಇದರಲ್ಲಿ? ಅಂಗನವಾಡಿಯ ನಲ್ಲಿ ಒಣಗಿ ಮೂರು ವರ್ಷ. ರಸ್ತೆ ಅಗೆದಾಗ ಪೈಪು ಒಡೆದವರು ಮಣ್ಣು ಮುಚ್ಚಿ ಹೋದರು. ಪದ್ಮಿನಿ ಮೂರು ಸಲ ಕನ್ನಡದಲ್ಲಿ ಅರ್ಜಿ ಕೊಟ್ಟಿದ್ದಳು. ಒಂದಕ್ಕೂ ಉತ್ತರ ಬಂದಿರಲಿಲ್ಲ.

ಆಕೆಗೆ ಹೊಳೆದ ಲೆಕ್ಕಾಚಾರ ಸರಳವಾಗಿತ್ತು. ಈ ಕಾಗದ ನಿಜವಾಗಿ ಅಂಚೆಗೆ ಹಾಕುವುದು. ಓದಿದವರಿಗೆ ಅರ್ಥವಾದರೆ ನಲ್ಲಿಯಲ್ಲಿ ನೀರು ಬರುತ್ತದೆ. ಬರದಿದ್ದರೆ ತನ್ನ ಇಂಗ್ಲಿಷ್ ಸರಿಯಿಲ್ಲ ಎಂದು ತಿಳಿಯುತ್ತದೆ. ಇದಕ್ಕಿಂತ ನೇರವಾದ ಪರೀಕ್ಷೆಯನ್ನು ಯಾವ ಮಂಡಳಿಯೂ ಇದುವರೆಗೆ ನಡೆಸಿಲ್ಲ.

ಪರೀಕ್ಷೆಯಲ್ಲಿ ಸ್ವಂತ ಹೆಸರು ಬರೆಯಬಾರದು, ಪ್ರಶ್ನೆಯಲ್ಲಿ ಕೊಟ್ಟ ಹೆಸರನ್ನೇ ಬರೆಯಬೇಕು ಎಂದು ಗೈಡಿನಲ್ಲಿ ದಪ್ಪ ಅಕ್ಷರದಲ್ಲಿತ್ತು. ಅಭ್ಯಾಸ ಎಂದರೆ ಅಭ್ಯಾಸವೇ. ಹಾಗಾಗಿ ಕೆಳಗೆ ಪವಿತ್ರ, ಸರ್ಕಾರಿ ಪ್ರೌಢಶಾಲೆ ಎಂದು ಸಹಿ ಹಾಕಿ, ವಿಳಾಸಕ್ಕೆ ಮಾತ್ರ ಅಂಗನವಾಡಿಯದನ್ನು ಕೊಟ್ಟು, ಪದ್ಮಿನಿಯ ಅರ್ಜಿಗಳು ಹೋಗಿದ್ದ ಕೊಳ್ಳೇಗಾಲದ ನೀರು ಸರಬರಾಜು ಕಚೇರಿಗೇ ಕಳಿಸಿದಳು.

ಒಂಬತ್ತನೆಯ ದಿನ ಅಂಚೆಯ ಚಿಕ್ಕಸಿದ್ದಯ್ಯ ಸೈಕಲ್ಲು ನಿಲ್ಲಿಸಿ ಕವರು ತೋರಿಸಿದ. "ಪವಿತ್ರ ಅಂತ ಅದೆ. ಯಾರವ್ವ ಇದು, ನಿಮ್ಮೂರಲ್ಲಿ?"

"ನಾನೇಯ. ಕೊಡಣ್ಣೋ."

"ಯಾವಾಗಿಂದ?"

"ಪರೀಕ್ಷೆ ಮುಗಿಯೋಗಂಟ."

ಕವರಿನಲ್ಲಿದ್ದದ್ದು ಆಕೆಯದೇ ಕಾಗದ. ಆದರೆ ಗುರುತು ಸಿಗುವಂತಿರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಕೆಂಪು ಶಾಯಿ. ಉಸಿರು ಎಳೆದ ಕಡೆಯೆಲ್ಲ ಹಾಕಿದ್ದ ಅಲ್ಪವಿರಾಮಗಳಲ್ಲಿ ಇಪ್ಪತ್ತೆರಡು ಹೊಡೆದುಹಾಕಲಾಗಿತ್ತು. ಕ್ರಿಯಾಪದಗಳ ಬಾಲ ಕತ್ತರಿಸಿ ಬೇರೆ ಬಾಲ ಅಂಟಿಸಲಾಗಿತ್ತು. ಅಂಚಿನಲ್ಲಿ ಒಂದು ಸಾಲು: ಚೆನ್ನಾಗಿ ಪ್ರಯತ್ನಿಸಿದ್ದೀಯ ಮಗು, ಇನ್ನೂ ಅಭ್ಯಾಸ ಮಾಡು. ಕೆಳಗೆ ಪುಟ್ಟ ಸಹಿ, ಗುರುಪಾದಸ್ವಾಮಿ, ಮೇಲ್ವಿಚಾರಕ. ನೀರಿನ ಬಗ್ಗೆ ಒಂದಕ್ಷರವೂ ಇಲ್ಲ.

ಪದ್ಮಿನಿಗೆ ಮೈಯೆಲ್ಲ ಉರಿಯಿತು. ಉರಿಯಬೇಕಾದ್ದೇ. ಕನ್ನಡ ನಾಡಿನ ಕಚೇರಿಯೊಂದು ಕನ್ನಡದ ಮೂರು ಅರ್ಜಿಗಳನ್ನು ಮೂರು ವರ್ಷ ಇಲಿಗೆ ಹಾಸಿಕೊಟ್ಟು, ಇಂಗ್ಲಿಷಿನ ಒಂದು ಕಾಗದಕ್ಕೆ ಒಂಬತ್ತೇ ದಿನದಲ್ಲಿ ಎದ್ದು ಕೂತಿತ್ತು. ಎದ್ದು ಕೂತು ಮಾಡಿದ್ದಾದರೂ ಏನು? ಬಾಯಾರಿದವಳಿಗೆ ವ್ಯಾಕರಣ ಬಡಿಸಿತು.

ಚಿಕ್ಕತಾಯಮ್ಮನಿಗೆ ಮಾತ್ರ ಆ ಕಾಗದ ಎಷ್ಟು ಓದಿದರೂ ಮುಗಿಯಲಿಲ್ಲ. "ನೋಡಿ ಟೀಚರ್, ಇಷ್ಟ್ ತಪ್ಪು ಮಾಡಿವ್ನಿ," ಎಂದು ಹಬ್ಬದ ಸೀರೆ ತೋರಿಸುವ ಹಾಗೆ ತೋರಿಸಿದಳು.

"ನೀರ್ ಕೇಳುದ್ರೆ ನಿನ್ನ ಆಡ್ಕಂಡವ್ರೆ. ಖುಸಿ ಪಡ್ತೀಯಲ್ಲವ್ವ."

"ನೀರ್ ಹೊರೋದು ಗೊತ್ತದೆ ನಂಗೆ. ಇದ್ನ ತಿದ್ದೋರು ಎಲ್ಲಿ ಸಿಕ್ಕಾರು ಟೀಚರ್?"

ಆವತ್ತಿನಿಂದ ಆಕೆಗೆ ಮೇಷ್ಟ್ರು ಸಿಕ್ಕಿದ. ಇಪ್ಪತ್ತು ವರ್ಷದ ಹಿಂದೆ ಸರ್ಕಾರ ಕಳಿಸದೆ ಬಾಕಿ ಉಳಿಸಿಕೊಂಡಿದ್ದ ಮೇಷ್ಟ್ರನ್ನು ಆಕೆ ಅಂಚೆಯ ಮೂಲಕ ವಸೂಲಿ ಮಾಡಿಕೊಂಡಳು ಎನ್ನಬೇಕು. ತಿದ್ದಿದ ಕಾಗದವನ್ನು ನೆಲದ ಮೇಲೆ ಹತ್ತು ಸಲ ಬರೆದು ಅಳಿಸಿದಳು. ಎರಡನೆಯದು ಬೀದಿ ದೀಪದ ಬಗ್ಗೆ, ಮೂರನೆಯದು ಬಸ್ಸು ನಿಲ್ಲದಿರುವ ಬಗ್ಗೆ. ದೀಪವೂ ಬಸ್ಸೂ ಆ ಕಚೇರಿಗೆ ಸಂಬಂಧಿಸಿದ್ದಲ್ಲ. ಆದರೆ ಮೇಷ್ಟ್ರು ಇದ್ದದ್ದು ಅಲ್ಲೇ. ಗುರುಪಾದಸ್ವಾಮಿಯೂ ಆ ಕಾಗದಗಳನ್ನು ಬೇರೆ ಕಚೇರಿಗೆ ದಾಟಿಸದೆ ತಿದ್ದಿ ತಿದ್ದಿ ಹಿಂದಕ್ಕೆ ಕಳಿಸಿದ. ಕೆಂಪು ಕಡಿಮೆಯಾಗುತ್ತ ಬಂತು. ಮೂರನೆಯದರಲ್ಲಿ ಒಂದು ಇಡೀ ಸಾಲಿನಲ್ಲಿ ಏನೂ ಇರಲಿಲ್ಲ. ಪುಟ್ಟಮಾದಪ್ಪ ಅಜ್ಜೀಪುರಕ್ಕೆ ಹೋದಾಗಲೆಲ್ಲ ಅಂಚೆ ಕಚೇರಿಯ ಬಾಗಿಲಲ್ಲಿ ನಿಂತು, "ನಮ್ ಪವಿತ್ರಂದು ಬಂತಾ?" ಎಂದು ಕೇಳತೊಡಗಿದ.

ಫೆಬ್ರವರಿಗೆ ಗೈಡಿನ ಕಾಗದಗಳು ಮುಗಿದವು. ನಾಲ್ಕನೆಯದನ್ನು ಆಕೆ ಗೈಡು ಮುಚ್ಚಿಟ್ಟು ಬರೆದಳು. ಗೊತ್ತಿದ್ದ ಪದಗಳು ಕಡಿಮೆ, ಆದ್ದರಿಂದ ಸಾಲುಗಳು ಗಿಡ್ಡ. ನಮ್ಮ ಕೇಂದ್ರದಲ್ಲಿ ಹದಿನೆಂಟು ಮಕ್ಕಳು. ನಾನು ನಾಲ್ಕು ಬಿಂದಿಗೆ ನೀರು ತರುತ್ತೇನೆ. ಎರಡು ಅಡುಗೆಗೆ, ಒಂದು ಕುಡಿಯಲು. ಇನ್ನೊಂದರಲ್ಲಿ ಹದಿನೆಂಟು ತಟ್ಟೆ, ಹದಿನೆಂಟು ಜೊತೆ ಕೈ, ಹದಿನೆಂಟು ಕುಂಡೆ. ಮಕ್ಕಳು ಇನ್ನೊಂದು ಲೋಟ ನೀರು ಕೇಳಿದರೆ ನಾನು ಕೇಳಿಸದಂತೆ ಇರುತ್ತೇನೆ. ಕೊನೆಯ ಸಾಲನ್ನು ಬರೆದು ಆಕೆ ಕಾಗದ ಮಡಚಿದಳು. ಕನ್ನಡದಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ.

ಆ ಕಾಗದ ಹಿಂದಕ್ಕೆ ಬರಲಿಲ್ಲ. ಅದರ ಬದಲು ಒಂದು ಬೆಳಗ್ಗೆ ಮೋಟಾರ್ ಬೈಕಿನಲ್ಲಿ ಗುರುಪಾದಸ್ವಾಮಿಯೇ ಬಂದ. ಹಿಂದೆ ಪೈಪಿನ ಕೆಲಸದವನೊಬ್ಬ ಕೂತಿದ್ದ. ಗುರುಪಾದಸ್ವಾಮಿ ಯಳಂದೂರಿನ ಕಡೆಯವನು, ಹಣೆಯಲ್ಲಿ ವಿಭೂತಿ, ಇಸ್ತ್ರಿ ಮಾಡಿದ ಅಂಗಿ, ನಿವೃತ್ತಿಗೆ ಎರಡು ವರ್ಷ. ಕೆಲಸದವನನ್ನು ಪೈಪು ನೋಡಲು ಬಿಟ್ಟು, ಬಾಗಿಲಲ್ಲಿ ತಟ್ಟೆ ತೊಳೆಯುತ್ತಿದ್ದವಳನ್ನು ಕೇಳಿದ.

"ಪವಿತ್ರ ಅನ್ನೋ ಹುಡುಗಿ ಮನೆ ಯಾವುದಮ್ಮ?"

"ಆ ಎಸ್ರಿನೋರು ಯಾರೂ ಇಲ್ಲ ಸಾ."

"ಇಲ್ಲದೆ ಏನು? ನಾಲ್ಕು ಕಾಗದ ಬರೆದಿದ್ದಾಳೆ ನಮಗೆ. ಹೈಸ್ಕೂಲ್ ಹುಡುಗಿ, ಬಲು ಚುರುಕು. ಬಿಡುವಿನ ಹೊತ್ತಲ್ಲಿ ನಿಮಗೆ ನೀರು ಹೊತ್ತು ಕೊಡ್ತಾಳಂತೆ."

ಚಿಕ್ಕತಾಯಮ್ಮ ಕೈ ಒರೆಸಿಕೊಂಡು ಎದ್ದಳು. "ಅದು ನಾನೇ ಸಾ. ಬರ್ದೋಳು."

ಗುರುಪಾದಸ್ವಾಮಿ ಆಕೆಯನ್ನು ನೋಡಿದ. ತಟ್ಟೆಗಳನ್ನು ನೋಡಿದ. ಒಳಗೆ ನೆಲದ ಮೇಲಿದ್ದ ಸೀಮೆಸುಣ್ಣದ ಅಕ್ಷರಗಳನ್ನು ನೋಡಿದ. ಕೆಂಪು ಶಾಯಿಯ ಮೇಷ್ಟ್ರು ಮಾಯವಾಗಿ ಮೇಲ್ವಿಚಾರಕ ಉಳಿದ.

"ಸುಳ್ಳು ಹೆಸರಲ್ಲಿ ಸರ್ಕಾರಿ ಕಚೇರಿಗೆ ಅರ್ಜಿ ಹಾಕೋದು ಅಂದ್ರೆ ಏನು ಅಂತ ಗೊತ್ತಾ ನಿನಗೆ? ನಿಮ್ಮ ಇಲಾಖೆಗೆ ಒಂದು ಸಾಲು ಬರೆದ್ರೆ ನಾಳೆಯಿಂದ ಕೆಲಸ ಇರಲ್ಲ. ಓದೋ ಮಗು ಅಂತ ಊಟದ ಹೊತ್ತಲ್ಲಿ ಕೂತು ತಿದ್ದಿದ್ದೀನಿ. ನನ್ನನ್ನ ಏನಂದ್ಕೊಂಡಿದ್ದೀಯ?"

ಪದ್ಮಿನಿ ಓಡಿ ಬಂದು, "ಗೊತ್ತಾಗ್ದೆ ಮಾಡವ್ಳೆ ಸಾರ್, ಬುಟ್ಬುಡಿ," ಎಂದಳು.

"ಗೊತ್ತಿದ್ದೇ ಮಾಡುದ್ದು ಟೀಚರ್," ಎಂದಳು ಚಿಕ್ಕತಾಯಮ್ಮ. "ಮೊದುಲ್ನೇದ್ಕೆ ಮಾತ್ರ ಗೈಡ್ ನೋಡ್ಕಂಡು ಆ ಎಸ್ರು ಆಕ್ದೆ. ಆಮ್ಯಾಕೆ ಮಗು ಅಂತ ನೀವು ಬರ್ದಿದ್ರಲ್ಲ ಸಾ, ಅದ್ನ ನೋಡಿ ಸುಮ್ನಾದೆ. ಒಂದ್ ಮಾತ್ ಕೇಳ್ತೀನಿ. ಅಂಗನವಾಡಿ ಆಯಾ ಚಿಕ್ಕತಾಯಮ್ಮ ಅಂತ ಕೆಳುಗ್ ಬರ್ದಿದ್ರೆ, ನೀವು ತಿದ್ದಿ ಕಳುಸ್ತಿದ್ರಾ?"

ಗುರುಪಾದಸ್ವಾಮಿ ಜೇಬಿನಿಂದ ಬೈಕಿನ ಕೀಲಿ ತೆಗೆದ.

"ನಮ್ ಟೀಚರು ಕನ್ನಡದಲ್ಲಿ ಮೂರ್ ಅರ್ಜಿ ಕೊಟ್ಟವ್ರೆ ಸಾ. ಅದ್ನೂ ಓದಿದ್ರೆ ಅದ್ರಲ್ಲೂ ತಪ್ಪು ಸಿಕ್ಕಿರದು."

ಈ ಎರಡು ಮಾತನ್ನು ಆಕೆ ಕೂಗಿ ಹೇಳಲಿಲ್ಲ. ಮಕ್ಕಳಿಗೆ ತಟ್ಟೆ ಹಿಡಿದುಕೊಳ್ಳಲು ಹೇಳುವ ದನಿಯಲ್ಲೇ ಹೇಳಿದಳು. ಸಭೆಗಳಲ್ಲಿ ಮೈಕು ಹಿಡಿದು ಕನ್ನಡದ ಬಗ್ಗೆ, ಬಡವರ ಬಗ್ಗೆ ಗಂಟೆಗಟ್ಟಲೆ ಗುಡುಗುವವರು ಇಷ್ಟನ್ನು ಇಷ್ಟು ನೇರವಾಗಿ ಹೇಳಿದ್ದನ್ನು ಯಾರೂ ಕೇಳಿಲ್ಲ. ಗುರುಪಾದಸ್ವಾಮಿ ಬೈಕು ಹತ್ತಿದ. ಕೆಲಸದವನು ಅರ್ಧ ಅಳತೆ ಬಿಟ್ಟು ಹಿಂದೆ ಓಡಿದ.

ಪುಟ್ಟಮಾದಪ್ಪನಿಗೆ ಸಂಜೆ ಸುದ್ದಿ ಮುಟ್ಟಿತು. ಆತ ಬಂದು ಗೋಡೆಗೊರಗಿ ಕೂತ.

"ಇನ್ ಬ್ಯಾಡ ಕಣಮ್ಮಿ. ಟೀಚರ್ ಕೆಲ್ಸ ಆಳಾಗೋಗ್ಲಿ, ಇರೋ ಕೆಲ್ಸಾನೂ ಓಯ್ತು ಅಂದ್ರೆ?"

"ಪರೀಕ್ಷೆಗೆ ಇಪ್ಪತ್ತಾರ್ ದಿನ ಅದೆ," ಎಂದಳು. "ತಿದ್ದೋರು ಇನ್ಯಾರವ್ರೆ ಹೇಳು."

"ಆ ವಯ್ಯ ತಿದ್ದಾನಾ? ನಿನ್ ಕಾಗ್ದ ಕಂಡ್ರೆ ಒಲೆಗಾಕ್ತಾನೆ."

"ಆಕ್ಲಿ. ಆಕುದ್ರೆ ಅದೂ ಒಂದ್ ಉತ್ರನೇ."

ಮಾರನೆಯ ದಿನ ಮಕ್ಕಳು ಮಲಗಿದಾಗ ಐದನೆಯ ಕಾಗದ ಬರೆದಳು. ಎರಡು ಪುಟ. ಪರೀಕ್ಷೆಯಲ್ಲಿ ಕೇಳಬಹುದಾದ ಪ್ರಬಂಧ, ನನ್ನ ಕೆಲಸ ಎಂಬ ವಿಷಯ. ಕೆಳಗೆ ಇಂಗ್ಲಿಷಿನಲ್ಲಿ ತನ್ನ ಪೂರ್ತಿ ಹೆಸರು ಬರೆದಳು, ಅದರ ಕೆಳಗೆ ಅಂಗನವಾಡಿ ಸಹಾಯಕಿ ಎಂದು ಬರೆದಳು. ಅಂಚೆಗೆ ಹಾಕಿ ಬಂದಳು.

ವಾರ ಕಳೆಯಿತು. ಇಲಾಖೆಯಿಂದ ನೋಟೀಸು ಬರಲಿಲ್ಲ. ಕಾಗದವೂ ಬರಲಿಲ್ಲ. ಎರಡನೆಯ ವಾರದ ಮಂಗಳವಾರ ಇಬ್ಬರು ಕೆಲಸಗಾರರು ಬಂದು ರಸ್ತೆ ಬದಿ ಅಗೆದು ಪೈಪು ಸೇರಿಸಿ ಹೋದರು. ನಲ್ಲಿ ಮೊದಲು ಕೆಮ್ಮಿತು, ಕೆಸರು ಉಗುಳಿತು, ಆಮೇಲೆ ನೀರು ಬಿಟ್ಟಿತು. ಮೂರು ವರ್ಷ ಆಗದ ಕೆಲಸಕ್ಕೆ ಹಿಡಿದದ್ದು ಅರ್ಧ ದಿನ. ಈ ಅರ್ಧ ದಿನವನ್ನು ಮೂರು ವರ್ಷ ಯಾರು ಜೇಬಿನಲ್ಲಿಟ್ಟುಕೊಂಡಿದ್ದರು ಎಂದು ಕೇಳುವ ಹಕ್ಕು ಆ ಹದಿನೆಂಟು ಮಕ್ಕಳಿಗಿದೆ. ಊರವರು ಚಿಕ್ಕತಾಯಮ್ಮನನ್ನು ಹೊಗಳಿದರು. ಆಕೆ ಹೊಗಳಿಕೆ ಕೇಳಿಸಿಕೊಳ್ಳುತ್ತಲೇ ರಸ್ತೆಯ ಕಡೆ ಸೈಕಲ್ಲು ಬರುತ್ತದೆಯೇ ಎಂದು ನೋಡುತ್ತಿದ್ದಳು. ಬೇಕಿದ್ದ ಕಾಗದ ಇನ್ನೂ ಬಂದಿರಲಿಲ್ಲ.

ಹದಿನೇಳನೆಯ ದಿನ ಬಂತು. ದಪ್ಪ ಕವರು. ಮೇಲೆ ದುಂಡಗಿನ ಕನ್ನಡದಲ್ಲಿ: ಶ್ರೀಮತಿ ಚಿಕ್ಕತಾಯಮ್ಮ ಅವರಿಗೆ.

ಒಳಗೆ ಆಕೆಯ ಎರಡು ಪುಟ. ಅವನ್ನು ಕಂಡು ಪದ್ಮಿನಿ ಗಾಬರಿಯಾದಳು. ಮೊದಲನೆಯ ಕಾಗದಕ್ಕಿಂತ ಹೆಚ್ಚು ಕೆಂಪು. ಮಗು ಎಂದು ಪವಿತ್ರಳಿಗೆ ಬಿಟ್ಟುಕೊಟ್ಟಿದ್ದ ತಪ್ಪುಗಳಲ್ಲಿ ಒಂದನ್ನೂ ಚಿಕ್ಕತಾಯಮ್ಮನಿಗೆ ಬಿಟ್ಟುಕೊಟ್ಟಿರಲಿಲ್ಲ. ಪೂರ್ಣವಿರಾಮ ಮರೆತದ್ದು, ದೊಡ್ಡಕ್ಷರ ಸಣ್ಣದಾದದ್ದು, ಒಂದೇ ಪದವನ್ನು ನಾಲ್ಕು ಸಲ ಬಳಸಿದ್ದು, ಎಲ್ಲವನ್ನೂ ಗುರುಪಾದಸ್ವಾಮಿ ಹಿಡಿದಿದ್ದ. ಏಕೆ ತಪ್ಪು ಎಂದು ಪಕ್ಕದಲ್ಲಿ ಕನ್ನಡದಲ್ಲಿ ವಿವರಿಸಿದ್ದ. ಬೇರೆ ಹಾಳೆಯಲ್ಲಿ ಅಭ್ಯಾಸಕ್ಕೆ ಮೂವತ್ತು ವಾಕ್ಯ ಕೊಟ್ಟಿದ್ದ. ಎಲ್ಲಕ್ಕೂ ಕೆಳಗೆ ಒಂದು ಸಾಲು ಬೇರೆಯಾಗಿ ನಿಂತಿತ್ತು.

"ನೀವು ಕೇಳಿದ ಪ್ರಶ್ನೆಗೆ ಉತ್ತರ: ಇಲ್ಲ, ತಿದ್ದುತ್ತಿರಲಿಲ್ಲ."

ಇಷ್ಟು ಬರೆಯಲು ಒಬ್ಬ ಅಧಿಕಾರಿಗೆ ಹದಿನೇಳು ದಿನ ಬೇಕಾಯಿತು. ಎಷ್ಟೋ ಜನ ಮೂವತ್ತೈದು ವರ್ಷ ಸರ್ವಿಸು ಮಾಡಿ, ಹಾರ ಹಾಕಿಸಿಕೊಂಡು, ಇಷ್ಟನ್ನು ಬರೆಯದೆಯೇ ಮನೆಗೆ ಹೋಗಿದ್ದಾರೆ. ಆ ಮಟ್ಟಿಗೆ ಗುರುಪಾದಸ್ವಾಮಿಗೆ ಒಂದು ನಮಸ್ಕಾರ ಸಲ್ಲಬೇಕು. ಆದರೆ ಆತನ ಕೈಯಿಂದ ಆ ಸಾಲನ್ನು ಬರೆಸಿದವಳಿಗೆ ಸಲ್ಲಬೇಕಾದದ್ದು ಅದಕ್ಕಿಂತ ದೊಡ್ಡದು.

ಚಿಕ್ಕತಾಯಮ್ಮ ಆ ಸಾಲನ್ನು ಎರಡು ಸಲ ಓದಿದಳು. "ನಿಜ ಹೇಳವ್ರೆ," ಎಂದಳು. ಆಮೇಲೆ ಮೂವತ್ತು ವಾಕ್ಯದ ಹಾಳೆ ತೆಗೆದುಕೊಂಡು ನೆಲಕ್ಕೆ ಕೂತಳು. ಉಳಿದಿದ್ದು ಎಂಟು ದಿನ.

ಕೊಳ್ಳೇಗಾಲದ ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಕಾವಲಿನವನು ಕೋಲು ಅಡ್ಡ ಹಿಡಿದ. "ಪೋಷಕರು ಹೊರಗೆ ನಿಂತ್ಕಳಿ." ಆಕೆ ಪ್ರವೇಶ ಪತ್ರ ತೋರಿಸಿದಳು. ಅವನು ಫೋಟೋ ನೋಡಿ, ಮುಖ ನೋಡಿ, ಕೋಲು ತೆಗೆದು, "ಓಗಿ ಅಕ್ಕ, ಚೆನ್ನಾಗ್ ಬರೀರಿ," ಎಂದ. ಹದಿನಾರು ವರ್ಷದ ಹುಡುಗಿಯರ ನಡುವೆ, ಮಂಡಿಗೆ ತಗಲುವ ಬೆಂಚಿನಲ್ಲಿ ಕೂತು ಮೂರು ಗಂಟೆ ಬರೆದಳು. ಹೊರಗೆ ಹೊಂಗೆ ಮರದ ಕೆಳಗೆ ಪುಟ್ಟಮಾದಪ್ಪ ಆವತ್ತಿನ ಕೂಲಿ ಬಿಟ್ಟು ಬಂದು ಕೂತಿದ್ದ. ಬೇರೆ ಮಕ್ಕಳ ಅಪ್ಪಂದಿರು ಮಗಳು ಯಾವ ಸ್ಕೂಲು ಎಂದು ಕೇಳಿದರು. "ಮಗ್ಳಲ್ಲ, ಎಂಡ್ತಿ," ಎಂದ. ಒಬ್ಬ ನಕ್ಕ. "ನಗಿ ನಗಿ," ಎಂದ ಪುಟ್ಟಮಾದಪ್ಪ, "ಮೊದ್ಲು ನಾನೂ ನಕ್ಕಿವ್ನಿ."

ಫಲಿತಾಂಶದ ದಿನ ಆಕೆ ಹನೂರಿನ ಸೈಬರ್ ಅಂಗಡಿಗೆ ಹೋದಳು. ಅಂಗಡಿಯ ಮಾದೇಶ್ ನಂಬರು ಹೊಡೆದು, ಪರದೆಯನ್ನು ಆಕೆಯ ಕಡೆ ತಿರುಗಿಸಿದ. ಆರಕ್ಕೆ ಆರೂ ಪಾಸು. ಇಂಗ್ಲಿಷಿಗೆ ಐವತ್ತೆಂಟು. ಚಿಕ್ಕತಾಯಮ್ಮ ಆ ಅಂಕಿಯ ಮೇಲೆ ಬೆರಳಿಟ್ಟು ನೋಡಿದಳು. ಪುಟ್ಟಮಾದಪ್ಪ ಹೊರಗೆ ಹೋಗಿ ಮೂಗು ಸೀಟಿಕೊಂಡು ಬಂದ.

"ಪಿಯುಸಿ ಅರ್ಜಿ ಈಗ್ಲೇ ಆಕ್ಬೇಕಾ ಅಕ್ಕ?" ಎಂದ ಮಾದೇಶ್.

"ಅದ್ನ ಆಮ್ಯಾಕೆ ಆಕಾನ. ಮೊದ್ಲು ಇಂಗ್ಲಿಷ್ ಉತ್ರಪತ್ರಿಕೆ ಜೆರಾಕ್ಸ್ ತರುಸ್ಬೌದಂತಲ್ಲ, ಅದಕ್ಕೆ ಅರ್ಜಿ ತೆಗಿ."

"ಅದು ಫೇಲಾದೋರು ಆಕದು ಅಕ್ಕ. ನಿಮ್ದು ಪಾಸಾಗದೆ."

"ಐವತ್ತೆಂಟು ಬಂದದೆ, ಸರಿ. ಇನ್ ನಲವತ್ತೆರಡು ಎಲ್ಲೋಯ್ತು ಅಂತ ನೋಡ್ಬೇಕಲ್ಲಪ್ಪ."

ಮಾದೇಶ್ ಪುಟ್ಟಮಾದಪ್ಪನ ಮುಖ ನೋಡಿದ. ಪುಟ್ಟಮಾದಪ್ಪ, "ನನ್ನೇನ್ ನೋಡೀಯೆ, ಅವ್ಳ್ ಹೇಳ್ದಂಗ್ ಮಾಡು," ಎಂದ. ಪರದೆಯ ಮೇಲೆ ಅರ್ಜಿ ತೆರೆದುಕೊಂಡಿತು, ಎಲ್ಲ ಇಂಗ್ಲಿಷಿನಲ್ಲೇ. ಮಾದೇಶ್ ಕೀಲಿಮಣೆಯ ಮೇಲೆ ಕೈಯಿಟ್ಟು, "ಹೆಸ್ರು ಹೇಳಿ," ಎಂದ.

"ವಸಿ ಜರುಗಪ್ಪ," ಎಂದಳು ಚಿಕ್ಕತಾಯಮ್ಮ. "ನಾನೇ ತುಂಬ್ತೀನಿ."